ಸಂಖ್ಯೆಯನ್ನು ಒಡೆಯುವ ವಿದ್ಯೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರ್ ದಾರಿ. ನಗರದ ಟಿಳಕವಾಡಿಯನ್ನು ದಾಟಿದರೆ ಉದ್ಯಮಬಾಗದ ಯಂತ್ರಶಾಲೆಗಳು, ಅದರಾಚೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿರುವ ಮಚ್ಛೆ, ಕೊನೆಗೆ ಮಲಪ್ರಭೆಯ ದಂಡೆಯ ಖಾನಾಪುರ. ಖಾನಾಪುರ ಹಿಂದಿನಿಂದಲೂ ಹೆಂಚು, ಇಟ್ಟಿಗೆ ಮತ್ತು ಮಡಕೆ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಹೆಂಚು ಜೋಡಿಸುವವರಿಗೆ ಶಾಲೆಯ ಗಣಿತ ಗೊತ್ತಿರಲಿ ಬಿಡಲಿ, ಒಂದು ಸಂಗತಿ ಮಾತ್ರ ಗೊತ್ತಿರುತ್ತದೆ. 60 ಹೆಂಚುಗಳನ್ನು ಸಮನಾದ ಸಾಲುಗಳಲ್ಲಿ ಹಲವು ಬಗೆಯಾಗಿ ಜೋಡಿಸಬಹುದು: ಆರು ಸಾಲಿಗೆ ಹತ್ತರಂತೆ, ಐದು ಸಾಲಿಗೆ ಹನ್ನೆರಡರಂತೆ, ನಾಲ್ಕು ಸಾಲಿಗೆ ಹದಿನೈದರಂತೆ. ಆದರೆ ಇನ್ನೊಂದೇ ಒಂದು ಹೆಂಚು ಸೇರಿ 61 ಆಯಿತೆಂದರೆ ಆಟ ಮುಗಿಯಿತು. ಹೇಗೆ ಜೋಡಿಸಿದರೂ ಒಂದಿಷ್ಟು ಉಳಿಯುತ್ತದೆ, ಇಲ್ಲವೇ ಎಲ್ಲವನ್ನೂ ಒಂದೇ ಉದ್ದನೆಯ ಸಾಲಿನಲ್ಲಿ ಇಡಬೇಕಾಗುತ್ತದೆ.

ಹೀಗೆ ಸಮನಾದ ಸಾಲುಗಳಿಗೆ ಒಗ್ಗದ ಸಂಖ್ಯೆಗಳನ್ನು ಕನ್ನಡದ ಪಠ್ಯಪುಸ್ತಕಗಳು ಅವಿಭಾಜ್ಯ ಸಂಖ್ಯೆಗಳೆನ್ನುತ್ತವೆ. ಉಳಿದ ಸಂಖ್ಯೆಗಳನ್ನು ಒಡೆಯುತ್ತ ಹೋದರೆ ಕೊನೆಗೆ ಸಿಗುವುದು ಅವಿಭಾಜ್ಯಗಳೇ. 60ನ್ನು ಒಡೆದರೆ 2, 2, 3, 5. ಯಾವ ಕಡೆಯಿಂದ ಆರಂಭಿಸಿದರೂ ಈ ನಾಲ್ಕೇ ಬರುತ್ತವೆ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂಬುದನ್ನು ಗ್ರೀಕ್ ಪಂಡಿತ ಯೂಕ್ಲಿಡ್ ಕ್ರಿಸ್ತಪೂರ್ವದಲ್ಲಿಯೇ ಸಾಧಿಸಿ ತೋರಿಸಿದ್ದ. ಒಂದು ಸಂಖ್ಯೆ ಒಡೆಯುವುದು ಒಂದೇ ರೀತಿಯಲ್ಲಿ ಎಂಬ ಮಾತಿಗೆ 1801ರಲ್ಲಿ ಜರ್ಮನಿಯ ಗೌಸ್ ಪೂರ್ಣ ಸಾಧನೆ ಕೊಟ್ಟ.

ಗಡಿನಾಡಿನ ಈ ಪ್ರದೇಶದಲ್ಲಿ ಮಕ್ಕಳು ಇದೇ ಪಾಠವನ್ನು ಎರಡು ಭಾಷೆಗಳಲ್ಲಿ ಕಲಿಯುತ್ತಾರೆ. ಕನ್ನಡ ಶಾಲೆಯ ಹುಡುಗಿಗೆ 61 ‘ಅವಿಭಾಜ್ಯ ಸಂಖ್ಯೆ’, ಅಂದರೆ ಭಾಗವಾಗದ್ದು. ಮರಾಠಿ ಶಾಲೆಯ ಹುಡುಗನಿಗೆ ಅದು ‘ಮೂಳ ಸಂಖ್ಯಾ’, ಅಂದರೆ ಬೇರು. ಕನ್ನಡದ ‘ಅಪವರ್ತನ’ ಮರಾಠಿಯಲ್ಲಿ ‘ಅವಯವ’, ಅಂದರೆ ಅಂಗ. ಒಂದು ಭಾಷೆ ಸಂಖ್ಯೆ ಏನಾಗಲಾರದು ಎಂಬುದನ್ನು ಹೇಳಿದರೆ, ಇನ್ನೊಂದು ಅದು ಏನಾಗಿದೆ ಎಂಬುದನ್ನು ಹೇಳುತ್ತದೆ. ಎರಡೂ ಸರಿ. ಮುಂದೆ ಇಬ್ಬರೂ ಇಂಜಿನಿಯರಿಂಗ್ ಕಾಲೇಜು ಸೇರಿ ಗಣಕಯಂತ್ರದ ಮುಂದೆ ಕುಳಿತಾಗ ಮೊದಮೊದಲು ಬರೆಯುವ ಕ್ರಮವಿಧಿಗಳಲ್ಲಿ ಇದೂ ಒಂದು: ಕೊಟ್ಟ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು ಕಂಡುಹಿಡಿಯುವುದು. ಹತ್ತು ಸಾಲುಗಳ ಈ ಪುಟ್ಟ ಪ್ರೋಗ್ರಾಂ ಹಿಂದೆ ಉದ್ದನೆಯ ಇತಿಹಾಸವಿದೆ. ಅದರ ಒಂದು ತುದಿ ಕನ್ನಡ ನಾಡಿನಲ್ಲಿಯೇ ಇದೆ.

ರೂಪಾಯಿಯೊಳಗಿನ ಗಣಿತ

ಅಪವರ್ತನದ ಅರಿವು ಮೊದಲು ಬೇಕಾಗಿದ್ದು ಪಂಡಿತರಿಗಲ್ಲ, ಪೇಟೆಯವರಿಗೆ. ಹಳೆಯ ರೂಪಾಯಿಯನ್ನೇ ನೋಡಬಹುದು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ, ಒಟ್ಟು 192 ಪೈ. ಈ 192ನ್ನು ಒಡೆದರೆ ಆರು ಎರಡುಗಳು ಮತ್ತು ಒಂದು ಮೂರು. ಶೇಷವಿಲ್ಲದೆ ಅದನ್ನು ಭಾಗಿಸುವ ಸಂಖ್ಯೆಗಳು 14. ಬೆಳಗಾವಿ ಪೇಟೆಯಲ್ಲಿ ಮೂವರು ಪಾಲುದಾರರು ಒಂದು ರೂಪಾಯಿ ಹಂಚಿಕೊಳ್ಳಬೇಕಾದರೆ ಜಗಳವಿರಲಿಲ್ಲ. ಒಬ್ಬೊಬ್ಬರಿಗೆ 5 ಆಣೆ 4 ಪೈ. ಅರ್ಧ, ಕಾಲು, ಅರೆಕಾಲು, ಮೂರನೇ ಒಂದು, ಆರನೇ ಒಂದು ಎಲ್ಲವೂ ಸರಿಯಾಗಿ ಒಡೆಯುತ್ತಿದ್ದವು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಹಳೆಯ ಶಾಲೆಗಳು ಮಕ್ಕಳಿಗೆ ಕಲಿಸುತ್ತಿದ್ದುದು ಈ ಒಡೆಯುವಿಕೆಯನ್ನೇ.

1957ರ ಏಪ್ರಿಲ್ 1ರಂದು ದಶಮಾನ ನಾಣ್ಯಗಳು ಬಂದವು. ಒಂದು ರೂಪಾಯಿಗೆ ನೂರು ನಯಾ ಪೈಸೆಯಾಯಿತು. ನೂರು ಎಂದರೆ 2, 2, 5, 5. ಅದರಲ್ಲಿ ಮೂರು ಇಲ್ಲ. ಭಾಗಿಸುವ ಸಂಖ್ಯೆಗಳು 14ರಿಂದ 9ಕ್ಕೆ ಇಳಿದವು. ಕಾಗದದ ಮೇಲಿನ ಲೆಕ್ಕ ಬಹಳ ಸುಲಭವಾಯಿತು, ಆದರೆ ಮೂವರಿಗೆ ಸಮನಾಗಿ ಹಂಚಲು ಹೋದರೆ ಒಂದು ಪೈಸೆ ಉಳಿಯತೊಡಗಿತು.

ಮಹಾವೀರನ ನಿರುದ್ಧ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಗ್ರಂಥದ ಆರಂಭದಲ್ಲಿ ನೃಪತುಂಗನ ಹೊಗಳಿಕೆಯಿದೆ. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ ಮೇಲೆ ಜಗತ್ತಿನ ವಿದ್ವಾಂಸರ ಗಮನ ಅದರತ್ತ ಹರಿಯಿತು.

ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನು ಒಂದೇ ಮಾಡಿಕೊಳ್ಳಬೇಕು. ಛೇದಗಳು 12 ಮತ್ತು 18 ಆಗಿದ್ದರೆ ಎರಡನ್ನೂ ಗುಣಿಸಿ 216 ಎಂದು ಹಿಡಿಯಬಹುದು. ಉತ್ತರ ಬರುತ್ತದೆ, ಆದರೆ ಲೆಕ್ಕ ಅನಗತ್ಯವಾಗಿ ದೊಡ್ಡದಾಗುತ್ತದೆ. ಮಹಾವೀರನ ದಾರಿ ಬೇರೆ. ಎರಡಕ್ಕೂ ಸಮಾನವಾದ ಅಪವರ್ತನ 6ನ್ನು ತೆಗೆದುಕೊಳ್ಳಬೇಕು. ಅದರಿಂದ ಭಾಗಿಸಿದಾಗ ಉಳಿಯುವ 2 ಮತ್ತು 3ನ್ನು ಅದಕ್ಕೆ ಗುಣಿಸಬೇಕು. 36 ಸಿಗುತ್ತದೆ. ಈ ಸಂಖ್ಯೆಯನ್ನು ಅವನು ‘ನಿರುದ್ಧ’ ಎಂದು ಕರೆದ. ಇಂದಿನ ಮಕ್ಕಳು ಲ.ಸಾ.ಅ. ಎಂದು ಕಲಿಯುವುದು ಇದನ್ನೇ. ಸಮಾನ ಭಾಜಕಕ್ಕೆ ಅವನ ಗ್ರಂಥ ಬಳಸುವ ಶಬ್ದವೂ ‘ಅಪವರ್ತಕ’ವೇ. ಕನ್ನಡ ಶಾಲೆಯ ಐದನೆಯ ಇಯತ್ತೆಯ ಮಗು ‘ಅಪವರ್ತನ’ ಎಂದಾಗ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಶಬ್ದವನ್ನೇ ಉಚ್ಚರಿಸುತ್ತಿರುತ್ತದೆ.

ಈ ಪರಂಪರೆ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಮೊದಲಾದ ಗಣಿತಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದ. ಅವನ ಊರು ಪೂವಿನಬಾಗೆ. ಅದು ಬೆಳಗಾವಿ ಜಿಲ್ಲೆಯ ಇಂದಿನ ರಾಯಬಾಗವೆಂದು ಗುರುತಿಸಲಾಗಿದೆ. ಕೊಡು-ಕೊಳ್ಳುವವರಿಗೆ ಬೇಕಾದ ಲೆಕ್ಕವನ್ನು ಅವರ ನುಡಿಯಲ್ಲೇ ಹೇಳಬೇಕೆಂದು ಆಗಲೇ ಒಬ್ಬನಿಗೆ ಅನಿಸಿತ್ತು ಎಂಬುದು ಗಮನಿಸಬೇಕಾದ ಮಾತು.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನಿಂದ. ಅದಕ್ಕೆ ಎರಡು ವರ್ಷ ಮೊದಲು, 1202ರಲ್ಲಿ, ಇಟಲಿಯ ಪೀಸಾ ನಗರದ ಫಿಬೊನಾಚಿ ಭಾರತೀಯ ಅಂಕಿಗಳನ್ನು ಯುರೋಪಿನ ವರ್ತಕರಿಗೆ ಪರಿಚಯಿಸುವ ದೊಡ್ಡ ಗ್ರಂಥವನ್ನು ಮುಗಿಸಿದ್ದ. ಒಂದು ಸಂಖ್ಯೆ ಒಡೆಯುತ್ತದೆಯೇ ಎಂದು ನೋಡಲು ಅದರ ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು ಎಂಬ ಉಪಾಯ ಆ ಗ್ರಂಥದಲ್ಲಿದೆ. ವಿದ್ಯಾರ್ಥಿಗಳು ಇಂದು ಬರೆಯುವ ಕ್ರಮವಿಧಿಯ ಜೀವಾಳ ಇದೇ ಉಪಾಯ.

ಹತ್ತು ಸಾಲಿನ ಕ್ರಮವಿಧಿ

ಬೆಳಗಾವಿಗೆ ಸಂಬಂಧಿಸಿದ ಒಂದು ಇಸವಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆದದ್ದು 1924ರಲ್ಲಿ. ಈ 1924ನ್ನು ಒಡೆಯಬೇಕು. ಕ್ರಮವಿಧಿ ಭಾಜಕವನ್ನು 2 ಎಂದು ಇಟ್ಟುಕೊಂಡು ಆರಂಭಿಸುತ್ತದೆ. 1924ನ್ನು 2ರಿಂದ ಭಾಗಿಸಿದರೆ ಶೇಷವಿಲ್ಲ. 2 ಎಂದು ಬರೆದು ಭಾಗಲಬ್ಧ 962ನ್ನು ಮುಂದಕ್ಕೆ ಒಯ್ಯುತ್ತದೆ. ಮತ್ತೆ 2ರಿಂದ ಭಾಗಿಸುತ್ತದೆ, 481 ಉಳಿಯುತ್ತದೆ. 481ಕ್ಕೆ 2 ಹೋಗುವುದಿಲ್ಲ. ಭಾಜಕ ಒಂದೊಂದಾಗಿ ಏರುತ್ತದೆ: 3, 4, 5, 6... ಎಲ್ಲಕ್ಕೂ ಶೇಷ ಬರುತ್ತದೆ. 13ಕ್ಕೆ ಬಂದಾಗ ಸರಿಯಾಗಿ ಹೋಗಿ 37 ಉಳಿಯುತ್ತದೆ. 13ರ ವರ್ಗ 169. ಅದು 37ಕ್ಕಿಂತ ದೊಡ್ಡದು. ಇನ್ನು ಹುಡುಕುವ ಅಗತ್ಯವಿಲ್ಲ, 37 ಅವಿಭಾಜ್ಯವೇ. ಉತ್ತರ: 2, 2, 13, 37.

ಇಲ್ಲಿ ಎರಡು ಸಂಗತಿಗಳು ಮೊದಲ ನೋಟಕ್ಕೆ ಕಾಣುವುದಿಲ್ಲ. ಈ ಕ್ರಮವಿಧಿಯಲ್ಲಿ ‘ಅವಿಭಾಜ್ಯ’ ಎಂಬ ಮಾತೇ ಇಲ್ಲ. ಯಾವ ಸಂಖ್ಯೆ ಅವಿಭಾಜ್ಯ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಯಂತ್ರಕ್ಕೆ ಯಾರೂ ಕೊಟ್ಟಿಲ್ಲ. ಅದು 4, 6, 8, 9 ಎಲ್ಲವನ್ನೂ ಪ್ರಯತ್ನಿಸುತ್ತದೆ. ಆದರೂ ಉತ್ತರದಲ್ಲಿ ಅವಿಭಾಜ್ಯಗಳು ಮಾತ್ರ ಬರುತ್ತವೆ. ಏಕೆ? 4ರ ಸರದಿ ಬರುವಷ್ಟರಲ್ಲಿ ಸಂಖ್ಯೆಯೊಳಗಿನ ಎರಡುಗಳೆಲ್ಲ ಖಾಲಿಯಾಗಿರುತ್ತವೆ. 9ರ ಸರದಿ ಬರುವಷ್ಟರಲ್ಲಿ ಮೂರುಗಳೆಲ್ಲ ಹೋಗಿರುತ್ತವೆ. ಚಿಕ್ಕವರಿಂದ ಆರಂಭಿಸಿ ಪ್ರತಿಯೊಬ್ಬರನ್ನೂ ಪೂರ್ತಿಯಾಗಿ ಕಳುಹಿಸಿಯೇ ಮುಂದೆ ಹೋಗುವ ಶಿಸ್ತಿನಿಂದಲೇ ಈ ಫಲ ಸಿಗುತ್ತದೆ.

ಎರಡನೆಯದು ವರ್ಗಮೂಲದ ಸಂಗತಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973 ಒಂದು ಅವಿಭಾಜ್ಯ ಸಂಖ್ಯೆ. ಇದನ್ನು ಖಚಿತಪಡಿಸಿಕೊಳ್ಳುವುದು ಹೇಗೆ? ಏನೂ ಯೋಚಿಸದ ಕ್ರಮವಿಧಿ 2ರಿಂದ 1972ರವರೆಗೆ 1,971 ಸಲ ಭಾಗಿಸಿ ನೋಡುತ್ತದೆ. ಆದರೆ 1973 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವೆರಡೂ 45ಕ್ಕೆ ಸಮ ಅಥವಾ ಹೆಚ್ಚಾಗಿರಲು ಸಾಧ್ಯವಿಲ್ಲ, ಏಕೆಂದರೆ 45ನ್ನು 45ರಿಂದ ಗುಣಿಸಿದರೆ 2,025 ಆಗುತ್ತದೆ. ಹಾಗಾಗಿ ಒಂದಾದರೂ 44ರೊಳಗೆ ಇರಲೇಬೇಕು. 2ರಿಂದ 44ರವರೆಗೆ 43 ಸಲ ನೋಡಿದರೆ ಸಾಕು. ಅವಿಭಾಜ್ಯಗಳನ್ನಷ್ಟೇ ನೋಡುವುದಾದರೆ 14 ಸಲ.

ಚಿಕ್ಕ ಸಂಖ್ಯೆಗೆ ಈ ವ್ಯತ್ಯಾಸ ಯಂತ್ರಕ್ಕೆ ಲೆಕ್ಕಕ್ಕಿಲ್ಲ. ಹನ್ನೆರಡು ಸೊನ್ನೆಗಳಷ್ಟು ದೊಡ್ಡ ಒಂದು ಅವಿಭಾಜ್ಯವನ್ನು ಕೊಟ್ಟು ನೋಡಬೇಕು. ಸೆಕೆಂಡಿಗೆ ಒಂದು ಕೋಟಿ ಭಾಗಾಕಾರ ಮಾಡುವ ಯಂತ್ರ ಮೊದಲ ವಿಧಾನದಲ್ಲಿ ಸುಮಾರು 28 ಗಂಟೆ ದುಡಿಯುತ್ತದೆ. ಎರಡನೆಯ ವಿಧಾನದಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಯಂತ್ರ ಅದೇ, ಭಾಷೆ ಅದೇ. ಬದಲಾದದ್ದು ಒಂದು ಸಾಲಿನಲ್ಲಿ ಅಡಗಿದ ತಿಳಿವಳಿಕೆ ಮಾತ್ರ.

ಇನ್ನೊಂದು ಜಾಣತನದ ದಾರಿಯೂ ಇದೆ. 1356ರಲ್ಲಿ ನಾರಾಯಣ ಪಂಡಿತ ‘ಗಣಿತಕೌಮುದಿ’ಯಲ್ಲಿ ಅದನ್ನು ಹೇಳಿದ್ದಾನೆ. 1763ನ್ನು ಒಡೆಯಬೇಕೆಂದರೆ ಅದಕ್ಕಿಂತ ತುಸು ದೊಡ್ಡದಾದ ವರ್ಗ 1764ನ್ನು ನೋಡಬೇಕು. ಅದು 42ರ ವರ್ಗ. ಎರಡರ ವ್ಯತ್ಯಾಸ 1, ಅದೂ ವರ್ಗವೇ. ಅಂದಮೇಲೆ 42ರಿಂದ ಒಂದು ಕಳೆದರೆ 41, ಒಂದು ಕೂಡಿಸಿದರೆ 43. ಇವೇ 1763ರ ಅಪವರ್ತನಗಳು. ಮೊದಲ ವಿಧಾನ 41ರವರೆಗೆ ಒಂದೊಂದಾಗಿ ನಡೆಯಬೇಕಿದ್ದ ಜಾಗವನ್ನು ಇದು ಒಂದೇ ಹೆಜ್ಜೆಗೆ ಮುಟ್ಟುತ್ತದೆ. ಫ್ರಾನ್ಸಿನ ಫರ್ಮಾ ಇದೇ ದಾರಿಯನ್ನು ಕಂಡುಕೊಂಡದ್ದು ಸುಮಾರು ಮುನ್ನೂರು ವರ್ಷಗಳ ನಂತರ.

ಯಂತ್ರ ಸುಳ್ಳು ಹೇಳಿದಾಗ

ಗಣಕಯಂತ್ರ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ಸಾಮಾನ್ಯ. ಖಾನಾಪುರದ ಪಿನ್‌ಕೋಡ್ ಈ ನಂಬಿಕೆಯನ್ನು ಪರೀಕ್ಷಿಸಲು ಒಳ್ಳೆಯ ಸಾಧನ. ಅದು 591302. ಕೈಯಿಂದ ಒಡೆದರೆ 2, 41, 7211 ಸಿಗುತ್ತವೆ. ಆದರೆ ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ತಂತ್ರಾಂಶದಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಮೀಸಲಾದ ಜಾಗ ಎರಡು ಬೈಟ್ ಮಾತ್ರ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಅದಕ್ಕಿಂತ ದೊಡ್ಡದನ್ನು ತುಂಬಿದರೆ 65,536ರ ಮಡಿಗಳು ಕತ್ತರಿಸಿಹೋಗಿ ಉಳಿದಷ್ಟೇ ಒಳಗೆ ನಿಲ್ಲುತ್ತದೆ. 591302ರಿಂದ ಅಂಥ ಒಂಬತ್ತು ಮಡಿ ಹೋದರೆ ಉಳಿಯುವುದು 1,478. ಯಂತ್ರ ಅದನ್ನೇ ಒಡೆದು 2 ಮತ್ತು 739 ಎಂದು ಗಂಭೀರವಾಗಿ ಬರೆದುಕೊಡುತ್ತದೆ. ಎಚ್ಚರಿಕೆ ಕೊಡುವುದಿಲ್ಲ, ತಡವರಿಸುವುದೂ ಇಲ್ಲ.

ಪರಿಹಾರ ಹಳೆಯದೇ: ತಾಳೆ ನೋಡುವುದು. ಹಿಂದಿನ ಗುರುಗಳು ಭಾಗಾಕಾರ ಮಾಡಿಸಿದ ಮೇಲೆ ಗುಣಿಸಿ ತಾಳೆ ನೋಡದೆ ಪಾಟಿ ಒರೆಸಲು ಬಿಡುತ್ತಿರಲಿಲ್ಲ. 2ನ್ನು 739ರಿಂದ ಗುಣಿಸಿದರೆ 1,478 ಬರುತ್ತದೆ, 591302 ಬರುವುದಿಲ್ಲ. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಒಡೆಯಲು ನೂರಾರು ಭಾಗಾಕಾರ ಬೇಕಾಗಬಹುದು, ಆದರೆ ಉತ್ತರ ಸರಿಯೇ ಎಂದು ನೋಡಲು ಎರಡು-ಮೂರು ಗುಣಾಕಾರ ಸಾಕು.

ಬೀಗವಾದ ಭಾಗಾಕಾರ

ಒಡೆಯುವುದು ಕಷ್ಟ, ಗುಣಿಸುವುದು ಸುಲಭ ಎಂಬ ಈ ಅಂತರವೇ 1977ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳಿಗೆ ಬೀಗದಂತೆ ಕಂಡಿತು. ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅವರ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂಬ ಹೆಸರು ಬಂತು. 37ನ್ನು 163ರಿಂದ ಗುಣಿಸಿ ಎಂದರೆ ಯಾವ ಮಗುವಾದರೂ ಅರ್ಧ ನಿಮಿಷದಲ್ಲಿ 6,031 ಎನ್ನುತ್ತದೆ. 6,031 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ 2ರಿಂದ 37ರವರೆಗೆ ಹನ್ನೆರಡು ಅವಿಭಾಜ್ಯಗಳನ್ನು ಪ್ರಯತ್ನಿಸಬೇಕು. ನೂರಾರು ಅಂಕಿಗಳ ಸಂಖ್ಯೆಗಳಲ್ಲಿ ಈ ಅಂತರ ಊಹೆಗೂ ನಿಲುಕದಷ್ಟು ದೊಡ್ಡದಾಗುತ್ತದೆ. ಗುಣಲಬ್ಧವನ್ನು ಎಲ್ಲರಿಗೂ ಸಾರಿದರೂ ಒಳಗಿನ ಎರಡು ಅವಿಭಾಜ್ಯಗಳನ್ನು ಬಲ್ಲವನು ಮಾತ್ರ ಬೀಗ ತೆಗೆಯಬಲ್ಲ. ಬ್ಯಾಂಕುಗಳ ಜಾಲತಾಣಗಳಲ್ಲಿ ಗ್ರಾಹಕರ ವ್ಯವಹಾರಗಳನ್ನು ಕಾಯುವ ಬೀಗಗಳಲ್ಲಿ ಇದೂ ಒಂದು. ಈಗ ಸಾಮಾನ್ಯವಾಗಿ ಬಳಸುವ ಗುಣಲಬ್ಧದ ಉದ್ದ 617 ಅಂಕಿ.

1977ರಲ್ಲಿ ಆ ಮೂವರು 129 ಅಂಕಿಗಳ ಒಂದು ಸಂಖ್ಯೆಯನ್ನು ಪ್ರಕಟಿಸಿ, ಒಡೆದವರಿಗೆ ನೂರು ಡಾಲರ್ ಬಹುಮಾನ ಸಾರಿದರು. ಅದು ಒಡೆದದ್ದು 1994ರಲ್ಲಿ. ಹಲವು ದೇಶಗಳ ಸುಮಾರು 600 ಮಂದಿ ಸ್ವಯಂಸೇವಕರು 1,600ರಷ್ಟು ಯಂತ್ರಗಳನ್ನು ಎಂಟು ತಿಂಗಳು ದುಡಿಸಿದರು. ಸಿಕ್ಕ ಎರಡು ಅಪವರ್ತನಗಳನ್ನು ಗುಣಿಸಿ ತಾಳೆ ನೋಡಲು ಒಂದು ಕ್ಷಣ ಸಾಕಾಗಿತ್ತು. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಖಚಿತವಾಗಿ, ಸಂಖ್ಯೆ ಬೆಳೆದರೂ ಕೈಮೀರದ ಸಮಯದಲ್ಲಿ ಹೇಳುವ ವಿಧಾನವನ್ನು ಕೊಟ್ಟು ಜಗತ್ತನ್ನು ಬೆರಗುಗೊಳಿಸಿದರು. ಆದರೆ ಆ ವಿಧಾನ ‘ಇದು ಒಡೆಯುತ್ತದೆ’ ಎಂದಷ್ಟೇ ಹೇಳುತ್ತದೆ, ಒಡೆದು ಕೊಡುವುದಿಲ್ಲ. ಕ್ವಾಂಟಂ ಗಣಕಗಳು ದೊಡ್ಡದಾಗಿ ಬೆಳೆದರೆ ಒಡೆಯುವುದೂ ಸುಲಭವಾದೀತೆಂದು 1994ರಲ್ಲಿಯೇ ಪೀಟರ್ ಶೋರ್ ತೋರಿಸಿದ್ದಾರೆ. ಆ ದಿನಕ್ಕೆ ಬೇಕಾಗುವ ಹೊಸ ಬೀಗಗಳ ಮಾನದಂಡಗಳನ್ನು ಅಮೆರಿಕ 2024ರಲ್ಲಿ ಪ್ರಕಟಿಸಿದೆ.

ಬಾಯಿಪಾಠವೋ ತಿಳಿವಳಿಕೆಯೋ

1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮ ಈ ಕಥೆಯ ಎರಡೂ ತುದಿಗಳನ್ನು ಮುಟ್ಟುತ್ತದೆ. ಸಿ ಭಾಷೆಯ ಮೊದಲ ಪಾಠಗಳಲ್ಲಿ ಶೇಷ ತೆಗೆಯುವುದನ್ನೂ ಆವರ್ತನೆಯನ್ನೂ ವಿದ್ಯಾರ್ಥಿಗಳು ಕಲಿಯುತ್ತಾರೆ. 2015 ಮತ್ತು 2018ರ ಪಠ್ಯಕ್ರಮಗಳಲ್ಲಿ ಕಂಪ್ಯೂಟರ್ ಸೈನ್ಸ್‌ನ ಐದನೆಯ ಸೆಮಿಸ್ಟರಿನ ಪ್ರಯೋಗಾಲಯದ ಪಟ್ಟಿಯಲ್ಲಿ ಆರ್‌ಎಸ್‌ಎ ಬೀಗದ ಸರಳ ಕ್ರಮವಿಧಿ ಬರೆಯುವುದೂ ಇತ್ತು. ಎರಡರ ನಡುವಿನ ನಂಟನ್ನು ಎಷ್ಟು ಮಂದಿ ಕಾಣುತ್ತಾರೆ ಎಂಬುದೇ ಪ್ರಶ್ನೆ. ಪ್ರಯೋಗಾಲಯದ ಪರೀಕ್ಷೆಗೆ ಹತ್ತು ಸಾಲನ್ನು ಬಾಯಿಪಾಠ ಮಾಡಿ ಬರೆದವನಿಗೂ ಅಂಕ ಸಿಗುತ್ತದೆ. ಆದರೆ ವರ್ಗಮೂಲದಲ್ಲಿ ಏಕೆ ನಿಲ್ಲಬೇಕು, 4ನ್ನು ಪ್ರಯತ್ನಿಸಿದರೂ ಅದು ಏಕೆ ಉತ್ತರದಲ್ಲಿ ಬರುವುದಿಲ್ಲ ಎಂದು ಕೇಳಿದಾಗ ಬಾಯಿಪಾಠ ಕೈಕೊಡುತ್ತದೆ. ಈಗ ಕೇಳಿದ ಕೂಡಲೇ ಕ್ರಮವಿಧಿಯನ್ನು ಬರೆದುಕೊಡುವ ಯಂತ್ರಗಳೂ ಬಂದಿವೆ. ಅದರಿಂದ ಬಾಯಿಪಾಠದ ಬೆಲೆ ಇಳಿದಿದೆ, ತಾಳೆ ನೋಡಬಲ್ಲವರ ಬೆಲೆ ಏರಿದೆ.

ಭಾಷೆಯ ಪ್ರಶ್ನೆಯೂ ಇದರಲ್ಲಿ ಸೇರಿದೆ. ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಅಪವರ್ತನವೂ ಗೊತ್ತು, ಅವಯವವೂ ಗೊತ್ತು, ಲ.ಸಾ.ಅ. ಮಾಡಿ ಬಂದವನೇ. ಕಾಲೇಜಿನಲ್ಲಿ ಇಂಗ್ಲಿಷ್ ಹೆಸರು ಹೊತ್ತು ಬಂದಾಗ ಅದೇ ಸಂಗತಿ ಹೊಸದೊಂದು ಭಾರದಂತೆ ಕಾಣುತ್ತದೆ. ಇದು ನೀನು ಮಾಡಿದ ಲೆಕ್ಕವೇ ಎಂದು ಯಾರಾದರೂ ಒಂದು ಮಾತು ಹೇಳಿದರೆ ಅರ್ಧ ಭಯ ಹೋಗುತ್ತದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡ, ಮರಾಠಿ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಪೂರ್ತಿ ಪದವಿಯನ್ನು ಕನ್ನಡದಲ್ಲಿ ಕಲಿಯುವವರು ಎಷ್ಟೇ ಇರಲಿ, ಕಲಿತದ್ದನ್ನು ಕನ್ನಡದಲ್ಲಿ ಯೋಚಿಸಲು ಯಾವ ಅನುಮತಿಯೂ ಬೇಕಿಲ್ಲ.

ರಾಯಬಾಗದ ರಾಜಾದಿತ್ಯ ಪೇಟೆಯವರ ಲೆಕ್ಕವನ್ನು ಪೇಟೆಯವರ ನುಡಿಯಲ್ಲಿ ಬರೆದು ಎಂಟುನೂರು ವರ್ಷಗಳಿಗೂ ಮೇಲಾಯಿತು. ವಿಶ್ವವಿದ್ಯಾಲಯ ಸ್ಥಾಪನೆಯಾದ ಇಸವಿ 1998ನ್ನು ಒಡೆದು ನೋಡುವುದು ಇಂದಿನ ಮಕ್ಕಳಿಗೆ ಒಳ್ಳೆಯ ಅಭ್ಯಾಸ. ಕಾಗದದ ಮೇಲೆಯೇ ಮಾಡಬಹುದು. ಕೊನೆಗೆ ಉಳಿಯುವ ಅವಿಭಾಜ್ಯ, ಗಾಂಧೀಜಿ ಬೆಳಗಾವಿಗೆ ಬಂದ ಇಸವಿಯಲ್ಲಿ ಉಳಿದದ್ದೇ. ಉತ್ತರ ಸಿಕ್ಕ ಮೇಲೆ ಗುಣಿಸಿ ತಾಳೆ ನೋಡುವುದನ್ನು ಮಾತ್ರ ಮರೆಯಬಾರದು.